ನಮ್ಮವರಿಗೆ ಮೂರು ಉಸಿರು ಹೆಚ್ಚು

ಆಪರೇಷನ್ ಥಿಯೇಟರಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ದೊಡ್ಡ ಸರ್ಜನ್ನರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರಿಗೂ ಅವರು ಗಾಳಿ ಮೇಷ್ಟ್ರು. ಹಾಗೆಂದು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಅರಿವಳಿಕೆ ವಿಭಾಗದ ಟೆಕ್ನಿಷಿಯನ್. ಬೆಳಿಗ್ಗೆ ಏಳಕ್ಕೆ ಉಸಿರಾಟದ ಯಂತ್ರವನ್ನು ಚಾಲೂ ಮಾಡುವುದು, ಕೊಳವೆ ಎಲ್ಲಾದರೂ ಸೋರುತ್ತಿದೆಯೇ ಎಂದು ಕೆನ್ನೆಯ ಹತ್ತಿರ ಹಿಡಿದು ನೋಡುವುದು, ಡಾಕ್ಟರು ಕೈ ಚಾಚುವ ಮೊದಲೇ ಸರಿಯಾದ ಅಳತೆಯ ನಳಿಕೆಯನ್ನು ಕೈಗಿಡುವುದು, ಇಪ್ಪತ್ತೇಳು ವರ್ಷದಿಂದ ಇದೇ ಕೆಲಸ. ಹೊಸದಾಗಿ ಬಂದ ಡಾಕ್ಟರುಗಳಿಗೆ ಪುಸ್ತಕದಲ್ಲಿ ಇಲ್ಲದ್ದನ್ನೆಲ್ಲ ಹೇಳಿಕೊಟ್ಟು ಮೇಷ್ಟ್ರಾದರು. ಹೆಂಡತಿಗೆ ಮಾತ್ರ ಈ ಬಿರುದಿನ ಮೇಲೆ ಅಷ್ಟೇನೂ ಗೌರವವಿರಲಿಲ್ಲ. "ದಿನವಿಡೀ ಊರವರಿಗೆಲ್ಲಾ ಗಾಳಿ ಹಾಕ್ತೀರಿ, ಮನೆ ಫ್ಯಾನು ತಿರುಗದೆ ಆರು ತಿಂಗಳಾಯ್ತು" ಎನ್ನುತ್ತಿದ್ದರು.

ಎದೆಯ ಆಪರೇಷನ್ನಿನಲ್ಲಿ ಒಂದು ತೊಡಕಿದೆ. ಬಟ್ಟೆ ಕುಣಿಯುತ್ತಿದ್ದರೆ ಯಾವ ದರ್ಜಿಯೂ ಹೊಲಿಯಲಾರ. ಶ್ವಾಸಕೋಶವೋ ಹುಟ್ಟಿದಾಗಿನಿಂದ ಕುಣಿಯುತ್ತಲೇ ಇರುವ ವಸ್ತು. ಅದಕ್ಕೆ ಎರಡು ಕವಲಿನ ನಳಿಕೆಯನ್ನು ಗಂಟಲೊಳಗೆ ಇಳಿಸಿ, ಕತ್ತರಿ ಬೀಳಬೇಕಾದ ಕಡೆಯ ಶ್ವಾಸಕೋಶಕ್ಕೆ ಗಾಳಿ ನಿಲ್ಲಿಸಿಬಿಡುತ್ತಾರೆ. ಅದು ಒದ್ದೆ ಬಟ್ಟೆಯ ಹಾಗೆ ಮುದುಡಿ, ಕಪ್ಪು ನೇರಳೆ ಬಣ್ಣಕ್ಕೆ ತಿರುಗಿ ಸುಮ್ಮನೆ ಬಿದ್ದುಕೊಳ್ಳುತ್ತದೆ. ಎರಡು ಗಂಟೆಯೋ ಮೂರು ಗಂಟೆಯೋ ಇನ್ನೊಂದು ಶ್ವಾಸಕೋಶವೇ ಇಬ್ಬರ ದುಡಿಮೆ ದುಡಿಯುತ್ತದೆ. ಗಡ್ಡೆ ತೆಗೆದಾದ ಮೇಲೆ ಮುದುಡಿದ್ದನ್ನು ಮತ್ತೆ ಉಬ್ಬಿಸಬೇಕು. ಆಗ ಯಂತ್ರವನ್ನು ನಿಲ್ಲಿಸಿ, ಅದಕ್ಕೆ ತಗುಲಿಸಿದ ರಬ್ಬರಿನ ಚೀಲವನ್ನು ಕೈಯಲ್ಲಿ ಹಿಸುಕಿ ಗಾಳಿ ತುಂಬುತ್ತಾರೆ.

ಆ ಹೊತ್ತಿಗೆ ಚೀಲ ಮೇಷ್ಟ್ರ ಕೈಗೆ ಬರುತ್ತಿತ್ತು. ಇದು ಯಾವ ನಿಯಮದ ಪುಸ್ತಕದಲ್ಲೂ ಇಲ್ಲ, ಥಿಯೇಟರಿನ ಪದ್ಧತಿ. ಹಳೆಯ ಅರಿವಳಿಕೆ ಡಾಕ್ಟರು ಕುರ್ಚಿಯಿಂದ ಏಳದೆಯೇ "ಮೇಷ್ಟ್ರೇ, ಎಬ್ಬಿಸಿ" ಎನ್ನುತ್ತಿದ್ದರು. ಮೇಷ್ಟ್ರು ಆಕ್ಸಿಜನ್ ಗುಂಡಿಯನ್ನು ಪೂರ್ತಿ ತಿರುಗಿಸಿ, ಬಲಗೈಯಲ್ಲಿ ಚೀಲ ಹಿಡಿದು ಹಿಸುಕುತ್ತಿದ್ದರು. ನೇರಳೆ ಬಣ್ಣದ ಮುದ್ದೆ ಒಂದು ಮೂಲೆಯಿಂದ ಗುಲಾಬಿಯಾಗುತ್ತ, ಹಿಗ್ಗುತ್ತ, ಎದೆಯ ಗೂಡನ್ನೆಲ್ಲ ತುಂಬಿಕೊಳ್ಳುವುದನ್ನು ನೋಡಲು ಸೂಜಿ ದಾರ ಕೊಡುವ ನರ್ಸ್ ಸಹ ಒಂದು ಕ್ಷಣ ಕೈ ನಿಲ್ಲಿಸುತ್ತಿದ್ದಳು. ಮನುಷ್ಯನಿಗೆ ತನ್ನ ಕೆಲಸದಲ್ಲಿ ಹೆಮ್ಮೆ ಪಡಲು ಅಂಥದ್ದೊಂದು ಕ್ಷಣ ಸಾಕು. ಮೇಷ್ಟ್ರಿಗೆ ಅದು ವಾರಕ್ಕೆ ಎರಡು ಸಲ ಸಿಗುತ್ತಿತ್ತು.

ಇನ್ನೊಂದು ಪದ್ಧತಿಯೂ ಇತ್ತು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರ ಅಣ್ಣನೋ ಅತ್ತೆಯೋ ಆಪರೇಷನ್ನಿಗೆ ಬಂದರೆ, ಅವರ ಚೀಟಿಯ ಮೂಲೆಯಲ್ಲಿ ಯಾರಾದರೂ ಪೆನ್ಸಿಲಿನಿಂದ 'ನಮ್ಮವರು' ಎಂದು ಬರೆಯುತ್ತಿದ್ದರು. ಅದನ್ನು ಕಂಡರೆ ವಾರ್ಡಿನವರು ಹೊಸ ಹೊದಿಕೆ ಹುಡುಕಿ ತರುತ್ತಿದ್ದರು, ತಳ್ಳುಗಾಡಿಯವನು ಹೊಸ್ತಿಲು ಬಂದಾಗ ನಿಧಾನ ಮಾಡುತ್ತಿದ್ದ. ಎಲ್ಲರೂ ತಮ್ಮ ಕೈಲಿದ್ದದ್ದನ್ನು ಒಂದು ಹಿಡಿ ಹೆಚ್ಚು ಕೊಡುತ್ತಿದ್ದರು. ಮೇಷ್ಟ್ರ ಕೈಲಿ ಇದ್ದದ್ದು ಗಾಳಿ. 'ನಮ್ಮವರು' ಎಂದು ಕಂಡರೆ ಮೊದಲಿನಿಂದ ಕೊನೆಯತನಕ ಆಕ್ಸಿಜನ್ ನೂರಕ್ಕೆ ನೂರು. ಉಬ್ಬಿಸುವಾಗ ಶ್ವಾಸಕೋಶ ಪೂರ್ತಿ ಎದ್ದ ಮೇಲೂ ಮೂರು ಗಟ್ಟಿ ಉಸಿರು ಜಾಸ್ತಿ. ಮನೆಗೆ ಬಂದ ನೆಂಟರಿಗೆ ಸಾಕು ಅಂದ ಮೇಲೂ ಒಂದು ಸೌಟು ಬಡಿಸುವುದಿಲ್ಲವೇ, ಹಾಗೆ.

ಎಂಟು ವರ್ಷದ ಹಿಂದೆ ಆ ಪೆನ್ಸಿಲ್ ಅಕ್ಷರ ಮೇಷ್ಟ್ರ ಅಕ್ಕನ ಚೀಟಿಯ ಮೇಲೆ ಬಿತ್ತು. ಅಮ್ಮ ಹೋದಾಗ ಮೇಷ್ಟ್ರಿಗೆ ಏಳು ವರ್ಷ, ಅಕ್ಕನಿಗೆ ಹದಿನೈದು. ಅಂದಿನಿಂದ ತಮ್ಮನಿಗೆ ಅನ್ನ ಹಾಕಿ, ಅಂಗಿ ಒಗೆದು, ಓದಿಸಿ, ಆಮೇಲೆ ತಾನು ಮದುವೆಯಾದವಳು. ಬಡಿಸುವುದರಲ್ಲಿ ಅವಳಿಗೊಂದು ಶಾಸ್ತ್ರವಿತ್ತು. "ಬಡಿಸೋವಾಗ ತಟ್ಟೆ ನೋಡಬಾರದು ಕಣೋ, ಮುಖ ನೋಡಬೇಕು. ಬಾಯಿ ಸುಳ್ಳು ಹೇಳುತ್ತೆ, ಮುಖ ಹೇಳಲ್ಲ." ಅವಳ ಬಲ ಶ್ವಾಸಕೋಶದಲ್ಲಿ ನಿಂಬೆ ಗಾತ್ರದ ಗಡ್ಡೆ ಸಿಕ್ಕಿತು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಜೊತೆಗೆ ಬಂದವಳು ಹದಿನಾರರ ಮಗಳೊಬ್ಬಳೇ. ಅಂದು ಮೇಷ್ಟ್ರು ಹಳೆಯ ಡಾಕ್ಟರ ಬಳಿ ಹೋಗಿ, "ಸರ್, ಇವತ್ತು ಚೀಲ ನನಗೇ ಬಿಡಿ, ಬೇರೆ ಯಾರಿಗೂ ಕೊಡಬೇಡಿ" ಎಂದು ಕೇಳಿಕೊಂಡಿದ್ದರು. ಕೇಳದಿದ್ದರೂ ಅವರಿಗೇ ಸಿಗುತ್ತಿತ್ತು. ಶ್ವಾಸಕೋಶ ಚೆನ್ನಾಗಿ ಎದ್ದಿತು. ಮೂರು ಗಟ್ಟಿ ಉಸಿರು ಹೆಚ್ಚಿಗೆ ಕೊಟ್ಟರು, ಒಡಹುಟ್ಟಿದವಳು ಎಂದು ಅವು ಇನ್ನಷ್ಟು ಗಟ್ಟಿಯಾಗಿಯೇ ಇದ್ದವು. ಮಾರನೆಯ ದಿನ ಅಕ್ಕನಿಗೆ ಏದುಸಿರು ಶುರುವಾಯಿತು. ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದರು. ಮೂರನೆಯ ದಿನ ಮಧ್ಯಾಹ್ನ ಹೋದಳು.

ಎಲ್ಲರೂ ಹಣೆಬರಹ ಎಂದರು, ಮೇಷ್ಟ್ರೂ ಹಾಗೇ ಅಂದುಕೊಂಡರು. ಅಕ್ಕನ ಮಗಳು ಇವರ ಮನೆಗೆ ಬಂದಳು, ಇಲ್ಲೇ ಓದಿ, ಈಗ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜುವ ಕೆಲಸದಲ್ಲಿದ್ದಾಳೆ. ಕಡಿಮೆ ಮಾತಿನವಳು. ಆದರೆ ಒಂದು ಮಾತನ್ನು ಮಾತ್ರ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದಳು: "ನಮ್ಮಮ್ಮನಿಗೆ ಕೊನೇಲಿ ಗಾಳಿ ಕೊಟ್ಟಿದ್ದು ನಮ್ಮ ಮಾವನ ಕೈ." ಅವಳು ಹಾಗೆ ಹೇಳಿದಾಗಲೆಲ್ಲ ಮೇಷ್ಟ್ರು ಬೇರೆ ಕಡೆ ನೋಡುತ್ತಿದ್ದರು. ಆಗ ಅದು ಸಂಕೋಚಕ್ಕೆ.

ಹಳೆಯ ಡಾಕ್ಟರು ನಿವೃತ್ತರಾದರು. ಅವರ ಜಾಗಕ್ಕೆ ಮೂವತ್ತೈದರ ಹೊಸ ಡಾಕ್ಟರಮ್ಮ ಬಂದರು. ಅವರು ಕುರ್ಚಿಯಲ್ಲಿ ಕೂರುವುದೇ ಇಲ್ಲ. ಬಂದ ವರ್ಷದಲ್ಲೇ ಒಂದು ಅಧ್ಯಯನ ಹಿಡಿದರು. ಎದೆಯ ಆಪರೇಷನ್ನಿಗೆ ಬರುವ ರೋಗಿಗಳಲ್ಲಿ ಒಪ್ಪಿದವರನ್ನು ಎರಡು ಪಾಲು ಮಾಡುವುದು. ಒಂದು ಪಾಲಿಗೆ ಹಳೆಯ ರೀತಿ: ದೊಡ್ಡ ಉಸಿರು, ಪೂರ್ತಿ ಆಕ್ಸಿಜನ್, ಕೊನೆಗೆ ಚೀಲ ಹಿಸುಕಿ ಒಂದೇ ಸಲ ಉಬ್ಬಿಸುವುದು. ಇನ್ನೊಂದು ಪಾಲಿಗೆ ಹೊಸ ರೀತಿ: ಚಿಕ್ಕ ಉಸಿರು, ಅರ್ಧದಷ್ಟೇ ಆಕ್ಸಿಜನ್, ಕೊನೆಗೆ ಕಡಿಮೆ ಒತ್ತಡದಲ್ಲಿ ಹತ್ತು ನಿಮಿಷ ತೆಗೆದುಕೊಂಡು ಮೆಲ್ಲಗೆ ಎಬ್ಬಿಸುವುದು. ಯಾರಿಗೆ ಯಾವುದು ಎಂಬುದನ್ನು ಮನುಷ್ಯರು ಆರಿಸುವ ಹಾಗಿಲ್ಲ. ಅಂಟಿಸಿದ ದಪ್ಪ ಲಕೋಟೆಗಳು ಪೆಟ್ಟಿಗೆಯಲ್ಲಿ ಸಾಲಾಗಿ ಇರುತ್ತವೆ. ರೋಗಿ ಮೇಜಿನ ಮೇಲೆ ಬಂದ ಮೇಲೆ ಮುಂದಿನ ಲಕೋಟೆ ಒಡೆದು ಒಳಗಿನ ಕಾರ್ಡು ಓದಬೇಕು. ಆಮೇಲೆ ಮೂರು ಸಲ ರಕ್ತ ತೆಗೆದು, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಕೆಳಗಿನ ಲ್ಯಾಬಿಗೆ ಕಳಿಸಬೇಕು. ಲಕೋಟೆ ಪೆಟ್ಟಿಗೆಯ ಬೀಗದ ಕೈಯನ್ನು ಡಾಕ್ಟರಮ್ಮ ಮೇಷ್ಟ್ರಿಗೆ ಕೊಟ್ಟರು. ಇಡೀ ಥಿಯೇಟರಿನಲ್ಲಿ ಕೈ ಶುದ್ಧ ಇರುವವರು ನೀವೊಬ್ಬರೇ ಎಂದರು.

"ಆ ರಕ್ತದಲ್ಲಿ ಏನು ಹುಡುಕ್ತೀರಿ ಮೇಡಂ?" ಎಂದು ಮೇಷ್ಟ್ರು ಒಂದು ದಿನ ಕೇಳಿದರು. ಟೀ ಕುಡಿಯುವ ಹೊತ್ತು, ಬಟ್ಟೆ ಬದಲಿಸುವ ಕೋಣೆಯ ಬೆಂಚು.

"ಕಬ್ಬಿಣಕ್ಕೆ ತುಕ್ಕು ಯಾಕೆ ಹಿಡಿಯುತ್ತೆ ಹೇಳಿ."

"ನೀರು, ಗಾಳಿ ತಾಗಿ."

"ಗಾಳಿಯಲ್ಲಿರೋ ಆಕ್ಸಿಜನ್. ಹೆಚ್ಚಿಟ್ಟ ಸೇಬು ಕಂದಾಗೋದೂ ಅದರಿಂದಲೇ. ನಮ್ಮ ಮೈಯೊಳಗೂ ಆಕ್ಸಿಜನ್‌ನಿಂದ ಕೆಲವು ಪುಂಡ ಕಣ ಹುಟ್ಟುತ್ತಾ ಇರುತ್ತೆ. ಮೈ ಅದನ್ನ ಹತೋಟಿಲಿಡುತ್ತೆ. ಹತೋಟಿ ಮೀರಿದ್ರೆ ಅದೇ ಆಕ್ಸಿಡೇಟಿವ್ ಸ್ಟ್ರೆಸ್ಸು. ರಕ್ತದಲ್ಲಿ ಅದರ ಗುರುತು ಸಿಗುತ್ತೆ." ಡಾಕ್ಟರಮ್ಮನಿಗೆ ಹೇಳುವುದೆಂದರೆ ಖುಷಿ; ಲೋಟ ಕೆಳಗಿಟ್ಟು ಕೈ ತಿರುಗಿಸಿ ಹೇಳತೊಡಗಿದರು. "ಎರಡು ಗಂಟೆ ಮುದುಡಿಕೊಂಡಿರೋ ಶ್ವಾಸಕೋಶಕ್ಕೆ ಗಾಳಿ ಇರಲ್ಲ, ರಕ್ತಾನೂ ಕಮ್ಮಿ. ಅದು ಉಪವಾಸ ಬಿದ್ದವರ ಹಾಗೆ. ಉಪವಾಸ ಇದ್ದವರಿಗೆ ಒಂದೇ ಸಲ ಹೊಟ್ಟೆ ಬಿರಿಯೋ ಹಾಗೆ ಬಡಿಸಿದ್ರೆ ಏನಾಗುತ್ತೆ? ಪೂರ್ತಿ ಆಕ್ಸಿಜನ್ನು, ಜೋರು ಒತ್ತಡ, ಎಲ್ಲಾ ಒಟ್ಟಿಗೆ ನುಗ್ಗಿದ್ರೆ ಆ ಪುಂಡರೂ ಒಟ್ಟಿಗೆ ಏಳುತ್ತಾರೆ. ಒಳಗಿನ ತೆಳು ಗೋಡೆ ಸುಟ್ಟು ಸೋರಕ್ಕೆ ಶುರುವಾಗುತ್ತೆ. ಕೆಲವರಿಗೆ ಮಾರನೇ ದಿನ ನೀರು ತುಂಬಿಕೊಳ್ಳುತ್ತೆ. ಹಾಗಂತ ನನ್ನ ಅನುಮಾನ, ಇನ್ನೂ ಸಾಬೀತಾಗಿಲ್ಲ. ಅದಕ್ಕೇ ಈ ಲಕೋಟೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಮೇಷ್ಟ್ರು ಮುಟ್ಟಿ ನೋಡಿಕೊಂಡದ್ದು ತಮ್ಮ ಬಲಗೈಯನ್ನು. ಡಾಕ್ಟರಮ್ಮ ಗಮನಿಸಲಿಲ್ಲ, ಅವರಿಗೆ ಮುಂದಿನ ಕೇಸಿಗೆ ಕರೆ ಬಂದಿತ್ತು.

ಅತಿಯಾದರೆ ಅಮೃತವೂ ವಿಷ ಎಂದು ಎಲ್ಲ ಮಕ್ಕಳೂ ಶಾಲೆಯಲ್ಲಿ ಬಾಯಿಪಾಠ ಮಾಡಿರುತ್ತಾರೆ. ಮೇಷ್ಟ್ರೂ ಮಾಡಿದ್ದರು. ಆದರೆ ಗಾದೆ ಗೊತ್ತಿದ್ದ ಮಾತ್ರಕ್ಕೆ ಅದು ತನ್ನ ಕೈಗೇ ಅನ್ವಯವಾಗುತ್ತದೆಂದು ಯಾರಿಗೆ ಹೊಳೆಯುತ್ತದೆ? ಆ ದಿನದ ನಂತರ ಮೇಷ್ಟ್ರಿಗೆ ಊಟ ಸೇರದಾಯಿತು. ಹೆಂಡತಿ ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುವರು. ಅಕ್ಕನ ಮಗಳು ಎದುರಿಗೆ ಬಂದರೆ ಪೇಪರು ಮುಖಕ್ಕೆ ಅಡ್ಡ ಹಿಡಿಯುವರು.

ಒಂದು ಶನಿವಾರ ಮಧ್ಯಾಹ್ನ ಅವರು ನೆಲಮಾಳಿಗೆಯ ದಾಖಲೆ ಕೋಣೆಗೆ ಹೋದರು. ಕಬ್ಬಿಣದ ಕಪಾಟುಗಳ ನಡುವೆ ಒಬ್ಬರೇ ತೂರಬಹುದಾದಷ್ಟು ದಾರಿ. ಎಂಟು ವರ್ಷದ ಹಿಂದಿನ ಕಟ್ಟು ಬಿಚ್ಚಿ ಅಕ್ಕನ ಕಾಗದ ತೆಗೆದರು. ಅರಿವಳಿಕೆಯ ಚಾರ್ಟನ್ನು ಐದೈದು ನಿಮಿಷಕ್ಕೊಮ್ಮೆ ತುಂಬಿದ್ದು ಅವರದೇ ದುಂಡು ಅಕ್ಷರ. ಆಕ್ಸಿಜನ್ ಸಾಲಿನಲ್ಲಿ ಆರಂಭದಿಂದ ಕೊನೆಯವರೆಗೆ ನೂರು, ನೂರು, ನೂರು. ಉಬ್ಬಿಸುವಾಗಿನ ಒತ್ತಡ ನಲವತ್ತು. ಹೊಸ ರೀತಿಯಲ್ಲಿ ಇಪ್ಪತ್ತು ದಾಟಬಾರದು. ಕೆಳಗೆ ಒಂದು ಷರಾ: 'ಶ್ವಾಸಕೋಶ ಚೆನ್ನಾಗಿ ಹಿಗ್ಗಿದೆ.' ಅದನ್ನು ಬರೆಯುವಾಗ ಎಷ್ಟು ಸಂತೋಷವಾಗಿತ್ತೆಂದು ಅವರಿಗೆ ಈಗಲೂ ನೆನಪಿತ್ತು. ಜೊತೆಗಿದ್ದ ಚೀಟಿಯ ಮೂಲೆಯಲ್ಲಿ ಪೆನ್ಸಿಲ್ ಅಕ್ಷರ ಇನ್ನೂ ಅಳಿಸಿಹೋಗಿರಲಿಲ್ಲ. ಮೇಷ್ಟ್ರು ಕಪಾಟಿಗೆ ಒರಗಿ ನೆಲದ ಮೇಲೆ ಕುಳಿತರು, ಕಾಗದ ಒದ್ದೆಯಾಗಬಾರದೆಂದು ಅದನ್ನು ದೂರ ಇಟ್ಟು ಅತ್ತರು.

ಇದನ್ನು ಯಾರಿಗೆ ಹೇಳುವುದು? ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ಉಗುಳಲೂ ಆಗದು, ನುಂಗಲೂ ಆಗದು. ಅಕ್ಕನ ಮಗಳಿಗೆ ಹೇಳಿದರೆ ಅವಳಿಗೆ ಉಳಿದಿರುವ ಒಂದೇ ಸಮಾಧಾನವನ್ನೂ ಕಿತ್ತುಕೊಂಡ ಹಾಗೆ. ಹೇಳದಿದ್ದರೆ, ಅವಳು ಆ ಮಾತು ಹೇಳಿದಾಗಲೆಲ್ಲ ಕಳ್ಳನಂತೆ ಕೂರಬೇಕು.

ಹೀಗಿರುವಾಗ ಹಬೆಯಣ್ಣನಿಗೆ ಕಾಯಿಲೆ ಕಾಣಿಸಿತು. ಹಬೆಯಣ್ಣ ಎಂದರೆ ಥಿಯೇಟರಿನ ಕತ್ತರಿ ಚಿಮಟಗಳನ್ನೆಲ್ಲ ಹಬೆಯ ಯಂತ್ರದಲ್ಲಿ ಬೇಯಿಸಿ ಶುದ್ಧ ಮಾಡಿಕೊಡುವವನು. ಇಪ್ಪತ್ತು ವರ್ಷದಿಂದ ಮೇಷ್ಟ್ರ ಟೀ ಜೊತೆಗಾರ. ಎಡ ಶ್ವಾಸಕೋಶದ ಕೆಳಭಾಗದಲ್ಲಿ ಗಡ್ಡೆ. ಅವನು ಧೈರ್ಯಗೆಡುವ ಪೈಕಿ ಅಲ್ಲ. ಅಧ್ಯಯನದ ಕಾಗದಕ್ಕೆ ಸಹಿ ಹಾಕುತ್ತ, "ಇಷ್ಟು ವರ್ಷ ಕತ್ತರಿ ಬೇಯಿಸಿ ಕೊಟ್ಟೆ, ಈಗ ಅದು ಹರಿತ ಇದೆಯಾ ಇಲ್ವಾ ಅಂತ ನಾನೇ ನೋಡ್ಬೇಕಾಯ್ತು ಮಾರಾಯ" ಎಂದ. ಅವನ ಹೆಂಡತಿ ಮೇಷ್ಟ್ರನ್ನು ವರಾಂಡದ ಕಂಬದ ಹತ್ತಿರ ಕರೆದು ಮೆಲ್ಲಗೆ ಹೇಳಿದಳು: "ಅಣ್ಣ, ನೀವಿದ್ದೀರಿ ಅಂತಲೇ ನನಗೆ ಧೈರ್ಯ. ನಮ್ಮವರು ಅಂತ ಸ್ವಲ್ಪ ಜಾಸ್ತಿ ನೋಡ್ಕೊಳ್ಳಿ."

ಆಪರೇಷನ್ನಿನ ದಿನ ಬೆಳಿಗ್ಗೆ ಎಂಟೂಕಾಲಿಗೆ ಹಬೆಯಣ್ಣ ಮೇಜಿನ ಮೇಲೆ ಮಲಗಿದ. ಅರಿವಳಿಕೆ ಏರಿತು. ಡಾಕ್ಟರಮ್ಮ ಬಗ್ಗಿ ಎರಡು ಕವಲಿನ ನಳಿಕೆ ಇಳಿಸುತ್ತಿದ್ದರು. ಮೇಷ್ಟ್ರು ಪೆಟ್ಟಿಗೆಯ ಬೀಗ ತೆಗೆದು ಮುಂದಿನ ಲಕೋಟೆ ಒಡೆದರು. ಕಾರ್ಡಿನ ಮೇಲೆ 'ಹಳೆಯ ರೀತಿ' ಎಂದಿತ್ತು.

"ಯಾವುದು ಮೇಷ್ಟ್ರೇ?" ಡಾಕ್ಟರಮ್ಮ ತಲೆ ಎತ್ತದೆ ಕೇಳಿದರು.

ಹಬೆಯಣ್ಣನ ಕಣ್ಣಿಗೆ ಪಟ್ಟಿ ಅಂಟಿಸಿ ಆಗಿತ್ತು. ಎಂಟು ವರ್ಷದ ಹಿಂದೆ ಇದೇ ಮೇಜಿನ ಮೇಲೆ ಇನ್ನೊಬ್ಬರ ಕಣ್ಣಿಗೆ ಪಟ್ಟಿ ಅಂಟಿಸಿದ್ದನ್ನು ಮೇಷ್ಟ್ರು ನೆನೆದರು.

"ಹೊಸದು, ಮೇಡಂ" ಎಂದರು. ಕಾರ್ಡನ್ನು ಜೇಬಿಗಿಳಿಸಿದರು.

ಇಪ್ಪತ್ತೇಳು ವರ್ಷದಲ್ಲಿ ಆ ಕೋಣೆಯೊಳಗೆ ಅವರು ಆಡಿದ ಮೊದಲ ಸುಳ್ಳು ಅದು. ಯಂತ್ರದಲ್ಲಿ ಒಂದು ಉಸಿರಿಗೆ ಮುನ್ನೂರು ಮಿಲಿಲೀಟರ್ ಇಟ್ಟರು, ಆಕ್ಸಿಜನ್ ಅರ್ಧಕ್ಕೆ ಇಳಿಸಿದರು. ಎಡ ಶ್ವಾಸಕೋಶ ಮುದುಡಿತು. ದೊಡ್ಡ ಸರ್ಜನ್ ಕೆಲಸ ಶುರು ಮಾಡಿದರು. ಅರ್ಧ ಗಂಟೆ ಎಲ್ಲ ಸರಿಯಾಗಿತ್ತು. ಆಮೇಲೆ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ತೋರಿಸುವ ಬೆರಳಿನ ಕ್ಲಿಪ್ಪಿನ ಅಂಕಿ ಇಳಿಯತೊಡಗಿತು. ತೊಂಬತ್ತನಾಲ್ಕು. ತೊಂಬತ್ತೊಂದು. ಎಂಬತ್ತೇಳಕ್ಕೆ ಬಂದಾಗ ಯಂತ್ರ ಕೂಗಿಕೊಂಡಿತು. ದೇವರೇ, ಅಂದು ಹೆಚ್ಚು ಕೊಟ್ಟು ಅಕ್ಕನನ್ನು ಕಳೆದೆ, ಇಂದು ಕಡಿಮೆ ಕೊಟ್ಟು ಇವನನ್ನೂ ಕಳೆಯುತ್ತೇನೆಯೇ ಎಂದುಕೊಂಡರು ಮೇಷ್ಟ್ರು. ಡಾಕ್ಟರಮ್ಮ ಗಡಿಬಿಡಿ ಮಾಡಲಿಲ್ಲ. ಸಣ್ಣ ಕ್ಯಾಮೆರಾ ಇಳಿಸಿ ನಳಿಕೆ ಒಂದು ಬೆರಳಷ್ಟು ಜಾರಿದ್ದನ್ನು ಸರಿಪಡಿಸಿದರು, ಆಕ್ಸಿಜನ್ ಸ್ವಲ್ಪ ಏರಿಸಿದರು. ಅಂಕಿ ಮೆಲ್ಲಗೆ ತೊಂಬತ್ತೈದಕ್ಕೆ ಹತ್ತಿತು. ನಳಿಕೆ ಜಾರುವುದು ಹಳೆಯ ರೀತಿಯಲ್ಲೂ ಆಗುವಂಥದ್ದೇ. ಆದರೆ ಸುಳ್ಳು ಹೇಳಿದವನಿಗೆ ಎಲ್ಲ ಆಪತ್ತೂ ತನ್ನ ಸುಳ್ಳಿನಿಂದಲೇ ಬಂದಂತೆ ಕಾಣುತ್ತದೆ.

ಉಬ್ಬಿಸುವ ಹೊತ್ತಿಗೆ ಚೀಲ ಮೇಷ್ಟ್ರ ಕೈಗೆ ಬಂತು. ಒತ್ತಡದ ಮುಳ್ಳು ಇಪ್ಪತ್ತು ದಾಟದ ಹಾಗೆ, ಹತ್ತು ನಿಮಿಷ, ಮೆಲ್ಲಮೆಲ್ಲಗೆ. ಶ್ವಾಸಕೋಶ ಹಟಮಾರಿ ಕೂಸಿನ ಹಾಗೆ ಬೇಕೋ ಬೇಡವೋ ಎಂಬಂತೆ ಎದ್ದಿತು. ದೊಡ್ಡ ಸರ್ಜನ್ ಮಾಸ್ಕಿನೊಳಗೇ ನಕ್ಕು, "ಏನ್ ಮೇಷ್ಟ್ರೇ, ಕೈ ಸೋತುಹೋಯ್ತಾ?" ಎಂದರು. ಮೇಷ್ಟ್ರು ಮುಳ್ಳಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

ಮಧ್ಯಾಹ್ನ ಒಡೆದ ಲಕೋಟೆಯ ಕಾರ್ಡನ್ನು ಅಧ್ಯಯನದ ಫಾರಮ್ಮಿಗೆ ಅಂಟಿಸಬೇಕಿತ್ತು. ಮೇಷ್ಟ್ರು ಡಾಕ್ಟರಮ್ಮನ ಕೋಣೆಗೆ ಹೋಗಿ, ಜೇಬಿನಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟು ನಿಂತರು.

ಡಾಕ್ಟರಮ್ಮ ಅದನ್ನು ಓದಿದರು, ಇನ್ನೊಮ್ಮೆ ಓದಿದರು. "ಹಳೇದು ಅಂತ ಇದೆ. ನೀವು ಹೊಸದು ಅಂದ್ರಿ."

"ಹೌದು ಮೇಡಂ."

"ತಪ್ಪಿ ಓದಿದ್ರಾ?"

"ಇಲ್ಲ. ಸರಿಯಾಗೇ ಓದಿದೆ."

ಡಾಕ್ಟರಮ್ಮನ ಮುಖ ಕೆಂಪಾಯಿತು. ಅವರು ಕೂಗಾಡುವವರಲ್ಲ, ಕೂಗಾಡಿದ್ದರೇ ಮೇಷ್ಟ್ರಿಗೆ ಹಗುರವಾಗುತ್ತಿತ್ತೇನೋ. "ಯಾಕೆ ಮಾಡಿದ್ರಿ? ಯಾವುದು ಒಳ್ಳೇದು ಅಂತ ನನಗೇ ಇನ್ನೂ ಗೊತ್ತಿಲ್ಲ. ನಾನು ಬೆಂಚ್ ಮೇಲೆ ಕೂತು ಹೇಳಿದ್ದು ಅನುಮಾನ ಅಷ್ಟೇ. ಅದನ್ನ ನಂಬಿಕೊಂಡು ನೀವು ಒಬ್ಬರ ಜೀವದ ಮೇಲೆ ತೀರ್ಮಾನ ತಗೊಂಡ್ರಾ? ನಾಳೆ ಇನ್ನೊಬ್ಬರು ಬರ್ತಾರೆ, ಅವರಿಗೆ ಆಸ್ಪತ್ರೆಲಿ ಯಾರೂ ಪರಿಚಯ ಇಲ್ಲ. ಅವರಿಗೂ ಹೀಗೇ ಮಾಡ್ತಿದ್ರಾ?"

ಮೇಷ್ಟ್ರು ಯೋಚಿಸಿ ನಿಜವನ್ನೇ ಹೇಳಿದರು. "ಇಲ್ಲ ಮೇಡಂ. ನಮ್ಮವನು ಅಂತ ಮಾಡಿದೆ."

"ಅದೇ ತಪ್ಪು."

"ಗೊತ್ತು. ಹಿಂದೆ ಒಂದ್ಸಲಾನೂ ನಮ್ಮವರು ಅಂತಲೇ ಮಾಡಿದ್ದೆ." ಹಾಗೆ ಹೇಳಿ, ಕೂತುಕೊಳ್ಳಿ ಎನ್ನುವ ಮೊದಲೇ ಕೂತು, ಅಕ್ಕನ ಕಥೆಯನ್ನೆಲ್ಲ ಹೇಳಿದರು. ನೂರು, ನಲವತ್ತು, ಮೂರು ಗಟ್ಟಿ ಉಸಿರು, ಮಾರನೆಯ ದಿನದ ಏದುಸಿರು. "ನಾನೇ ಕೊಂದೆನಾ ಮೇಡಂ? ಅಷ್ಟು ಹೇಳಿಬಿಡಿ. ಹೂಂ ಅಂದ್ರೂ ತಡ್ಕೊಳ್ತೀನಿ."

ಡಾಕ್ಟರಮ್ಮ ಕಾರ್ಡನ್ನು ಬೆರಳಲ್ಲಿ ತಿರುಗಿಸಿದರು. ಕೋಪ ಇಳಿದಿತ್ತು, ಆದರೆ ಸುಳ್ಳು ಸಮಾಧಾನ ಹೇಳುವುದು ಅವರಿಗೆ ಬರುತ್ತಿರಲಿಲ್ಲ. "ಗೊತ್ತಿಲ್ಲ ಮೇಷ್ಟ್ರೇ. ಆಗ ಎಲ್ಲಾ ಕಡೆ ಹಾಗೇ ಮಾಡ್ತಿದ್ರು. ಹಾಗೆ ಮಾಡಿದ ಬಹಳ ಜನ ಎದ್ದು ಮನೆಗೆ ಹೋದ್ರು. ನಿಮ್ಮಕ್ಕ ಹೋಗಲಿಲ್ಲ. ಅದರಿಂದಲೇ ಅಂತಲೂ ಹೇಳಕ್ಕಾಗಲ್ಲ, ಅದರಿಂದ ಅಲ್ಲ ಅಂತಲೂ ಹೇಳಕ್ಕಾಗಲ್ಲ. ಒಬ್ಬರ ವಿಷಯದಲ್ಲಿ ಯಾವತ್ತೂ ಗೊತ್ತಾಗಲ್ಲ." ಆಮೇಲೆ ಎದ್ದು, ಲ್ಯಾಬಿಗೆ ಕಳಿಸಲೆಂದು ಫ್ರಿಜ್ಜಿನಲ್ಲಿಟ್ಟಿದ್ದ ಹಬೆಯಣ್ಣನ ಹೆಸರಿನ ಮೂರು ರಕ್ತದ ಸೀಸೆ ತೆಗೆದು ಎಸೆಯುವ ಕೆಂಪು ಡಬ್ಬಿಗೆ ಹಾಕಿದರು. "ಇವನ್ನ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ. ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟ ಕಮಿಟಿಗೆ ನಾನು ಬರೀಬೇಕು, ಹಬೆಯಣ್ಣನಿಗೂ ಹುಷಾರಾದ ಮೇಲೆ ಹೇಳಬೇಕು. ಬೀಗದ ಕೈ ಕೊಡಿ."

ಮೇಷ್ಟ್ರು ಬೀಗದ ಕೈ ಕೊಟ್ಟರು. ಕೈ ಶುದ್ಧ ಇರುವವರು ನೀವೊಬ್ಬರೇ ಎಂದಿದ್ದು ಇಬ್ಬರಿಗೂ ನೆನಪಿತ್ತು, ಇಬ್ಬರೂ ಅದನ್ನು ಎತ್ತಲಿಲ್ಲ.

ಮುಂದಿನ ಎರಡು ದಿನ ಮೇಷ್ಟ್ರು ಕೆಲಸ ಮುಗಿಸಿ ಹಬೆಯಣ್ಣನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು. ಮಾರನೆಯ ದಿನ ಸಣ್ಣ ಜ್ವರ ಬಂತು. ಮೇಷ್ಟ್ರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವನ ಎದೆ ಏರಿಳಿಯುವುದನ್ನು ಎಣಿಸಿದರು. ಮೂರನೆಯ ದಿನ ಮಧ್ಯಾಹ್ನ, ಅಕ್ಕ ಹೋದ ಹೊತ್ತಿಗೆ ಸರಿಯಾಗಿ, ಹಬೆಯಣ್ಣ ಕಣ್ಣು ಬಿಟ್ಟು, "ಏನ್ ಹಂಗ್ ನೋಡ್ತಿದ್ದೀಯ, ಟೀ ತರ್ಸು" ಎಂದ. ಬದುಕಿದ. ಅದರಿಂದ ಏನೂ ಸಾಬೀತಾಗಲಿಲ್ಲ. ಹಳೆಯ ರೀತಿಯಲ್ಲೂ ಅವನು ಬದುಕುತ್ತಿದ್ದನೇನೋ. ಅದು ಮೇಷ್ಟ್ರಿಗೆ ಈಗ ಚೆನ್ನಾಗಿ ಗೊತ್ತಿತ್ತು.

ಅದೇ ಸಂಜೆ ಅಕ್ಕನ ಮಗಳು ಅಂಗಡಿಯಿಂದ ನೇರ ಆಸ್ಪತ್ರೆಗೆ ಹಣ್ಣು ಹಿಡಿದುಕೊಂಡು ಬಂದಳು. ಹಬೆಯಣ್ಣನ ಹೆಂಡತಿ ಅವಳ ಕೈ ಹಿಡಿದು, ನಿಮ್ಮ ಮಾವ ಇದ್ದದ್ದಕ್ಕೆ ನಮ್ಮ ಮನೆ ದೀಪ ಉಳೀತು ಎಂದು ಕಣ್ಣೊರೆಸಿಕೊಂಡಳು. ಹುಡುಗಿ ತನ್ನ ಮಾತನ್ನು ಹೇಳಿದಳು: "ನಮ್ಮಮ್ಮನಿಗೆ ಕೊನೇಲಿ ಗಾಳಿ ಕೊಟ್ಟಿದ್ದೂ ಇದೇ ಕೈ ಅತ್ತೆ." ಮೇಷ್ಟ್ರು ಸ್ಟೂಲಿನಿಂದ ಎದ್ದು ಹೊರಗೆ ಹೋದರು.

ಮನೆಯಲ್ಲಿ ಹೆಂಡತಿ ನೀರು ಹಿಡಿಯಲು ಕೆಳಗೆ ಇಳಿದಿದ್ದರು. ಅಡುಗೆಮನೆಯ ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಅಕ್ಕನ ಮಗಳು ತರಕಾರಿ ಹೆಚ್ಚಲು ಕೂತಿದ್ದಳು. ಮೇಷ್ಟ್ರು ಎದುರಿಗೆ ನೆಲದ ಮೇಲೆ ಕೂತು, "ಮಗಳೇ, ಆ ಮಾತು ಇನ್ಮೇಲೆ ಯಾರಿಗೂ ಹೇಳಬೇಡ" ಎಂದರು.

"ಯಾವ ಮಾತು ಮಾವ?"

ಅವರು ಹೇಳಿದರು. ಏನನ್ನೂ ಬಿಡಲಿಲ್ಲ, ಏನನ್ನೂ ಸೇರಿಸಲಿಲ್ಲ. ಡಾಕ್ಟರಮ್ಮ ಗೊತ್ತಾಗಲ್ಲ ಎಂದದ್ದನ್ನೂ ಹೇಳಿದರು, ಅದರ ಹಿಂದೆ ಅಡಗಿಕೊಳ್ಳಲಿಲ್ಲ. ಹೇಳುವಾಗ ಹುಡುಗಿಯ ಚಾಕು ನಿಂತೇ ಇತ್ತು. ಅಳುತ್ತಾಳೆ, ಇಲ್ಲವೇ ಎದ್ದು ಹೋಗುತ್ತಾಳೆ ಎಂದುಕೊಂಡಿದ್ದರು. ಅವಳು ಎರಡನ್ನೂ ಮಾಡದೆ ಚಾಕುವನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಬಲ ಅಂಗೈಯನ್ನು ಅವರ ಮುಂದೆ ಚಾಚಿದಳು.

"ಎಷ್ಟು ಜೋರಾಗಿ ಒತ್ತಿದ್ರಿ ತೋರಿಸಿ."

"ಬೇಡ ಮಗಳೇ."

"ನನಗೆ ಗೊತ್ತಾಗಬೇಕು. ತೋರಿಸಿ ಮಾವ."

ಮೇಷ್ಟ್ರು ಅವಳ ಕೈಯನ್ನು ತಮ್ಮ ಬಲಗೈಯೊಳಗೆ ತೆಗೆದುಕೊಂಡರು. ಗಾಜು ಉಜ್ಜಿ ಒರಟಾದ ಬೆರಳು, ಅಕ್ಕನ ಬೆರಳಿನ ಹಾಗೇ ಉದ್ದ. ಒತ್ತಿದರು. "ಇಷ್ಟೇನಾ?" ಎಂದಳು. ಇಲ್ಲ ಎಂದು ತಲೆಯಾಡಿಸಿ ಇನ್ನೂ ಜೋರಾಗಿ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು, ಆ ದಿನದ ಹಾಗೆಯೇ, ಅದೇ ಲಯದಲ್ಲಿ. ಅವಳ ಬೆರಳ ತುದಿಗಳು ಬಿಳಿಚಿಕೊಂಡವು. ಅವಳು ಕೈ ಎಳೆದುಕೊಳ್ಳಲಿಲ್ಲ.

"ಇಷ್ಟು ಹೊತ್ತಿಗೆ ಪೂರ್ತಿ ಎದ್ದಿತ್ತು" ಎಂದರು. "ಆಮೇಲೆ ಮೂರು ಹೆಚ್ಚಿಗೆ ಕೊಟ್ಟೆ."

"ಅದನ್ನೂ ತೋರಿಸಿ."

ಈ ಸಲ ಮೇಷ್ಟ್ರು ಅವಳ ಕೈಯನ್ನು ನೋಡಲಿಲ್ಲ, ಮುಖ ನೋಡಿದರು. ಒಂದು ಒತ್ತಿದರು. ಅವಳ ಕೆಳದುಟಿ ಹಲ್ಲಿನ ಕೆಳಗೆ ಸಿಕ್ಕಿತ್ತು. ಎರಡನೆಯದು ಒತ್ತಿದರು. ಕಣ್ಣಲ್ಲಿ ನೀರು ನಿಂತಿತು.

"ಸಾಕು ಮಾವ" ಎಂದಳು.

ಕೈ ಅಲ್ಲೇ ನಿಂತಿತು. ಮೂರನೆಯದನ್ನು ಅವರು ಒತ್ತಲಿಲ್ಲ.